ಕೊನೆಯ ಬೆಂಚಿನ ಬೆಳಕು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಒಂದು ವಿಷಯವನ್ನು ಎರಡು ವರ್ಷದಿಂದ ನಿನ್ನಿಂದ ಮುಚ್ಚಿಟ್ಟಿದ್ದೆ. ನಮ್ಮ ಚರ್ಚಿನ ಕಿಟಕಿಗಳು ತಿರುವುಮುರುವಾಗಿದ್ದು ಮಾಮನಿಂದಲ್ಲ, ಅಪ್ಪನಿಂದ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಸುಳ್ಳು ಹೇಳುತ್ತಿದ್ದೆ. ಶನಿವಾರ ಬಾಯಿ ಬಿಟ್ಟೆ. ಅವತ್ತಿನಿಂದ ನೀನು ಮಾತು ಬಿಟ್ಟೆ. ತಟ್ಟೆ ಕುಕ್ಕಿ ಹೋಗುತ್ತೀಯ. ಅದಕ್ಕೇ ಒಂದೇ ಮನೆಯಲ್ಲಿದ್ದೂ ಈ ಕಾಗದ.

ಶಾಲೆ ಬಿಟ್ಟ ಮೇಲೆ ನನ್ನನ್ನು ಚರ್ಚಿನ ಕೆಲಸಕ್ಕೆ ಸೇರಿಸಿದ್ದು ನೀನೇ. ಬೆಂಚು ಒರೆಸುವುದು, ಬಾಗಿಲು ತೆಗೆಯುವುದು, ಕಟ್ಟಡ ನೋಡಲು ಬಂದವರಿಗೆ ವಿವರಿಸುವುದು. ಒಂದು ಕಡೆ ಕೂರಲಾರದ ನನಗೆ ಮೂರನೆಯ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ಹಳೇ ಚರ್ಚಿನ ಗೋಡೆ ಬಿರುಕು ಬಿಟ್ಟಿದ್ದು, ಗೋಪುರ ಬೇಡ, ಎಲ್ಲರೂ ಬಲಿಪೀಠದ ಹತ್ತಿರ ಕೂರುವಂಥ ಬೀಸಣಿಗೆಯಾಕಾರದ ಒಂದು ಹಜಾರ ಸಾಕು ಎಂದು ಆಗಿನ ಫಾದರ್ ಹಟ ಹಿಡಿದದ್ದು, ಕಾಗದ ಮಡಿಸಿದಂಥ ಕಾಂಕ್ರೀಟ್ ಚಾವಣಿ ನೋಡಿ ಜನ ಇದೇನು ಗೋದಾಮೋ ಎಂದು ನಕ್ಕಿದ್ದು, ಎಲ್ಲ ಹೇಳುತ್ತಿದ್ದೆ. ಗೋಡೆಗೆ ಗಿಲಾವಿಲ್ಲ. ಬಡಗಿ ಅಪ್ಪ ಅಚ್ಚಿಗೆಂದು ಹೊಡೆದ ಹಲಗೆಗಳ ನಾರು, ಗಂಟು ಕಾಂಕ್ರೀಟಿನಲ್ಲೇ ಮೂಡಿವೆ. ಕೈಯಾಡಿಸಿ ನೋಡಿ ಎನ್ನುತ್ತಿದ್ದೆ. ಕೊನೆಗೆ ಆ ಹನ್ನೆರಡು ಓರೆ ಕಿಟಕಿ. ಬೆಳಗಿನ ಪೂಜೆಯಲ್ಲಿ ಅವುಗಳ ಬೆಳಕು ಬೀಳುವುದು ಬಲಿಪೀಠದ ಮೇಲಲ್ಲ, ಬಾಗಿಲ ಬಳಿಯ ಕೊನೆಯ ಬೆಂಚಿನ ಮೇಲೆ. ತಡವಾಗಿ ಬಂದವರ ಮೇಲೂ ದೇವರ ಕಣ್ಣಿರಲಿ ಎಂದು ನಕ್ಷೆಯವರು ಹೀಗೆ ಬರೆದರಂತೆ, ಅಪ್ಪ ಹಾಗೇ ಕಟ್ಟಿದನಂತೆ. ಪುಸ್ತಿಕೆಯಲ್ಲಿರುವ ಇದನ್ನೇ ಒಪ್ಪಿಸುತ್ತಿದ್ದೆ.

ಆದರೆ ನಕ್ಷೆ ನನ್ನ ಕೈಗೆ ಸಿಕ್ಕಿತಲ್ಲ. ಎರಡು ಬದಿಯಿಂದಲೂ ಗೆರೆ ಕಾಣುವ ತೆಳ್ಳನೆಯ ಹಾಳೆ. ಅದರಲ್ಲಿ ಕಿಟಕಿಗಳು ಬಲಿಪೀಠದ ಕಡೆಗೇ ಓರೆ. ಅದನ್ನು ಮಗುಚಿ ಹಾಕಿಕೊಂಡು ಕಿಟಕಿಯ ಮರದ ಅಚ್ಚುಗಳಿಗೆ ಅಳತೆ ತೆಗೆದಿದ್ದಾರೆ. ಹಾಳೆಯ ಬೆನ್ನಮೇಲೆ ಕೆಂಪು ಪೆನ್ಸಿಲಿನ ಅಂಕಿಗಳು. ಏಳರ ಅಂಕಿಯ ಸೊಂಟಕ್ಕೆ ಅಡ್ಡಗೆರೆ ಎಳೆಯುತ್ತಿದ್ದದ್ದು ಅಪ್ಪ ಒಬ್ಬನೇ.

ಅಂದು ಕಾಂಕ್ರೀಟು ಕಲಸಿದ ಮುದುಕನನ್ನು ಕೇಳಿದೆ. ಮಾಮ ಅಪ್ಪನ ಕೈಕೆಳಗಿದ್ದನಂತೆ. "ಭಾವ, ಅಕ್ಷರ ಉಲ್ಟಾ ಕಾಣ್ತಿದಾವೆ" ಎಂದನಂತೆ. "ನಂಗೇ ನಕ್ಷೆ ಓದೋದು ಕಲಿಸ್ತೀಯೇನೋ, ಸುಮ್ನೆ ಮೊಳೆ ಹೊಡಿ" ಎಂದನಂತೆ ಅಪ್ಪ. ಹಲಗೆ ಬಿಚ್ಚಿದ ದಿನ ಬೆಳಕು ಬಾಗಿಲ ಕಡೆ ಹೋಯಿತು. ಅಪ್ಪ ಮಾಮನ ಕಡೆ ಬೆರಳು ತೋರಿಸಿದ. ನಿನಗೆ ಮದುವೆಯಾಗಿ ಮೂರು ತಿಂಗಳು. ಅಕ್ಕನ ಮನೆ ಒಡೆಯಬಾರದೆಂದು ಮಾಮ ಬಾಯಿ ಹೊಲಿದುಕೊಂಡ. ಆಮೇಲೆ ಈ ಊರಲ್ಲಿ ಯಾರೂ ಅವನ ಕೈಗೆ ಉಳಿ ಕೊಡಲಿಲ್ಲ, ಅವನು ಊರು ಬಿಟ್ಟ.

ಗೋಡೆ ಒಡೆಯಲಾಗಲಿಲ್ಲ. ಮೊದಲ ಭಾನುವಾರ ಬೆಳಕು ತಡವಾಗಿ ಬಂದವರ ಮುಖದ ಮೇಲೆ ಬಿತ್ತು, ಫಾದರ್ ಅದನ್ನೇ ಪ್ರಸಂಗ ಮಾಡಿದರು, ಅಲ್ಲಿಗೆ ಎಡವಟ್ಟು ಕಲೆಯಾಯಿತು. ತಪ್ಪು ಎನಿಸಿದಾಗ ಅದು ಮಾಮನದು, ಚೆಂದ ಎನಿಸಿದ ಮೇಲೆ ಅಪ್ಪನದು. ಇದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಎರಡು ವರ್ಷ ಯಾಕೆ ಸುಮ್ಮನಿದ್ದೆ? ಅದು ಅಪ್ಪ ಸತ್ತ ವರ್ಷ, ಹೇಳಿದರೆ ನೀನು ಕುಸಿಯುತ್ತೀಯ ಅಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಕಥೆ ಮುಗಿಸಿದಾಗ ಬಂದವರು ಚಪ್ಪಾಳೆ ತಟ್ಟುತ್ತಿದ್ದರು, ನನಗದು ರುಚಿಸಿತ್ತು.

ಈಗ ಚರ್ಚಿಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಭಾನುವಾರ ಕಿಟಕಿಯ ಕೆಳಗೆ ಅಪ್ಪನ ಹೆಸರಿನ ಕಲ್ಲು ಕೂರಿಸುತ್ತಾರೆ, ನಿನಗೆ ಸನ್ಮಾನ. ಅದಕ್ಕೇ ಶನಿವಾರ ಬಂದ ಕಾಲೇಜು ಹುಡುಗರ ಮುಂದೆ ನಿಜ ಹೇಳಿದೆ. ಈಗಿನ ಫಾದರ್ ಕರೆಸಿ, ಸಮಾರಂಭ ಮುಗಿಯಲಿ ಮಗಳೇ, ಆಮೇಲೆ ನೋಡೋಣ ಎಂದರು. ಕಲ್ಲು ಕೂತ ಮೇಲೆ ನೋಡುವುದೇನು ಎಂದು ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ನೀನು, "ಸತ್ತವರ ಮಾನ ತೆಗೀತೀಯೇನೇ?" ಎಂದೆ. "ಬದುಕಿರೋನ ಮಾನ ಯಾರಮ್ಮ ಕೊಡ್ತಾರೆ?" ಎಂದೆ ನಾನು. ಆಮೇಲೆ ನೀನು ಏನೇನೋ ಬೈದೆ. ಆದರೆ ಆ ಹಾಳೆ ಎಲ್ಲಿ ಸಿಕ್ಕಿತು ಎಂದು ಮಾತ್ರ ಕೇಳಲಿಲ್ಲ.

ಅಪ್ಪನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳು, ಪ್ರೀತಿಯಿಲ್ಲ ಎಂದರೂ ಸುಳ್ಳು. ಆದರೆ ಕ್ಷಮೆ ಕೇಳುವುದಿಲ್ಲ. ಭಾನುವಾರದೊಳಗೆ ಮಾಮನನ್ನು ಕರೆತಂದು ಕೊನೆಯ ಬೆಂಚಿನಲ್ಲಿ, ಆ ಬೆಳಕಿನಲ್ಲೇ ಕೂರಿಸುತ್ತೇನೆ. ನೀನು ಮುಂದೆ, ಸನ್ಮಾನದ ಕುರ್ಚಿಯಲ್ಲಿರುತ್ತೀಯ. ಹಿಂತಿರುಗಿ ನೋಡುವುದು ಬಿಡುವುದು ನಿನಗೆ ಬಿಟ್ಟದ್ದು.

ಇಂತಿ ನಿನ್ನ ಮಗಳು,
ಕಾಲಿಗೆ ಚಕ್ರ ಕಟ್ಟಿಕೊಂಡವಳು

ಮರೆತಿದ್ದೆ: ಹಾಳೆ ಸಿಕ್ಕಿದ್ದು ಅಪ್ಪನ ಉಳಿಪೆಟ್ಟಿಗೆಯಲ್ಲಲ್ಲ, ನಿನ್ನ ಟ್ರಂಕಿನ ತಳದಲ್ಲಿ. ಅದರೊಳಗೆ ನಿನ್ನ ಅಕ್ಷರದ ಒಂದು ಚೀಟಿ ಇತ್ತು. ಮಾಮನ ಮೂರು ವಿಳಾಸ, ಎರಡನ್ನು ಹೊಡೆದುಹಾಕಿದ್ದೀಯ. ಮೂರನೆಯದನ್ನು ಬರೆದುಕೊಂಡು ಚೀಟಿಯನ್ನು ಅಲ್ಲೇ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ.