ವಾರಿಜಕ್ಕನ ಪ್ರಶ್ನೆ

ಫೆಬ್ರವರಿ ೩೦, ೨೧೬೪
ಗದಗ

ನೂರನಲವತ್ತು ವರ್ಷ ಹಿಂದೆ ಮಗುವನ್ನು ಭಾಷಣ ಸ್ಪರ್ಧೆಗೆ ಸಿದ್ಧಮಾಡುತ್ತಿರುವ ತಾಯಿಗೆ,

ದಿನಾಂಕ ತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಾನು ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಬರೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ. ಕೆಲವು ಪದಗಳಂತೂ ನಿಮ್ಮ ಕಾಲದಲ್ಲಿ ಹುಟ್ಟಿರಲೇ ಇಲ್ಲ. ಕ್ಷಮಿಸಿ.

ಕರಾವಳಿಯ ಊರುಗಳನ್ನು ಕಡಲು ನುಂಗಿದ ಮೇಲೆ ಅಲ್ಲಿಯವರು ಘಟ್ಟ ಹತ್ತಿ ನಮ್ಮ ಕಡೆ ಬಂದರು. ಅವರನ್ನು ಕಡಲೊಕ್ಕಲು ಎನ್ನುತ್ತೇವೆ. ಮೀನುಬಲೆ ಹೆಣೆಯುತ್ತಿದ್ದವರು ಈಗ ಕಪ್ಪತಗುಡ್ಡದ ಮೇಲೆ ಮಂಜುಬಲೆ ಹೆಣೆಯುತ್ತಾರೆ. ಬೆಳಗಿನ ಮಂಜು ಆ ಬಲೆಗೆ ತಾಗಿ ಹನಿಯಾಗಿ, ಕೊಳವೆಯಲ್ಲಿ ಇಳಿದು, ಎಂಟು ಗಂಟೆಯ ಹೊತ್ತಿಗೆ ನಮ್ಮ ಹಂಡೆಗೆ ಬೀಳುತ್ತದೆ. ಯಾವ ಮನೆಗೆ ಎಷ್ಟು ಕೊಡ ಎಂಬುದನ್ನು ಕೇರಿಸಭೆ ಕೈ ಎತ್ತಿ ತೀರ್ಮಾನಿಸುತ್ತದೆ. ಹೊಸದಾಗಿ ಬಂದವರು ಹನ್ನೆರಡು ವರ್ಷ ಕೈ ಎತ್ತುವಂತಿಲ್ಲ. ಈ ನಿಯಮ ನನಗೆ ಎಂದೂ ವಿಚಿತ್ರವಾಗಿ ಕಂಡಿರಲಿಲ್ಲ ಎಂಬುದನ್ನೂ ಬರೆಯಬೇಕು.

ನಾಳೆ ನನ್ನ ಮಗಳು ಬಕುಳಾಳ ಶಾಲೆಯಲ್ಲಿ ‘ಸಂವಿಧಾನ ಮತ್ತು ಪೌರತ್ವ’ದ ಮೇಲೆ ಭಾಷಣ ಸ್ಪರ್ಧೆ. ಹೋದ ವರ್ಷ ಅವಳಿಗೆ ಎರಡನೆಯ ಸ್ಥಾನ ಬಂದಿತ್ತು. ಈ ಸಲ ಗೆಲ್ಲಲೇಬೇಕೆಂದು ಎರಡು ತಿಂಗಳಿಂದ ಕನ್ನಡಿಯ ಮುಂದೆ ನಿಲ್ಲುತ್ತಿದ್ದಾಳೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಸ್ಪರ್ಧೆಗೆ ಮೊದಲು ಕೈ ಎತ್ತುವ ಹಕ್ಕಿಲ್ಲದ ಒಬ್ಬರ ಮುಂದೆ ಭಾಷಣ ಮಾಡಿ, ಅವರು ಕೇಳುವ ಒಂದು ಪ್ರಶ್ನೆಯನ್ನು ಬರೆದು, ಅವರ ಹೆಬ್ಬೆಟ್ಟು ಒತ್ತಿಸಿ ಶಾಲೆಗೆ ಕೊಡಬೇಕು. ಅದಕ್ಕೆ ಕೇಳ್ಚೀಟಿ ಎಂದು ಹೆಸರು. ವೇದಿಕೆಯ ಮೇಲೆ ಅದನ್ನು ಓದುತ್ತಾರೆ. ಉತ್ತರಕ್ಕೇ ಅರ್ಧದಷ್ಟು ಅಂಕ.

ಬಕುಳಾ ನಮ್ಮ ಕೇರಿಯ ಕಡಲೊಕ್ಕಲಿನ ವಾರಿಜಕ್ಕನ ಬಳಿ ಹೋದಳು, ನಾನೂ ಜೊತೆಗಿದ್ದೆ. ಮಂಜುಬಲೆ ಹೆಣೆಯುತ್ತಲೇ ಆಕೆ ಪೂರ್ತಿ ಕೇಳಿದರು. ಆಮೇಲೆ, “ಚಂದ ಉಂಟು ಮಗಾ. ಆದ್ರೆ ಬಲೆ ಹೆಣೆಯುವ ಕೈ ನಿಮಗೆ ಬೇಕು, ಎತ್ತುವ ಕೈ ಬೇಡ್ವಾ?” ಎಂದರು. ಬಕುಳಾ ಭಾಷಣದ ಹಾಳೆಗಳನ್ನು ಮತ್ತೆ ತಿರುವಿ ನೋಡಿದಳು.

ಆ ಪ್ರಶ್ನೆಗೆ ನಮ್ಮ ಭಾಷಣದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಮರುದಿನ ನಾನೇ ‘ಪೌರರ ಕರ್ತವ್ಯಗಳು ಯಾವುವು?’ ಎಂದು ಚೀಟಿ ಬರೆದು ಆಕೆಯ ಹೆಬ್ಬೆಟ್ಟಿಗೆ ಒಯ್ದೆ. ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆನೋ, ನಂಬಿದಂತೆ ನಟಿಸಿದೆನೋ, ಈಗ ಖಚಿತವಾಗಿ ಹೇಳಲಾರೆ. ವಾರಿಜಕ್ಕ ಓದಿ ನಕ್ಕರು. “ಆಯ್ತು ಮಾರಾಯ್ತಿ, ಪ್ರಶ್ನೆಯೂ ನಿಮ್ದೇ, ಉತ್ತರವೂ ನಿಮ್ದೇ. ನನ್ನದು ಹೆಬ್ಬೆಟ್ಟು ಮಾತ್ರ ಅಲ್ವಾ?” ಎಂದು ಒತ್ತಿಕೊಟ್ಟರು.

ನಿನ್ನೆ ಶಾಲೆಗೆ ಒಯ್ಯುವಾಗ ಬಕುಳಾ ಚೀಟಿ ಬಿಡಿಸಿ ನೋಡಿದಳು. “ಅವ್ವಾ, ಇದು ಅಕ್ಕಾರ ಪ್ರಶ್ನಿ ಅಲ್ಲ, ನಿಂದು,” ಎಂದಳು. ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟಳು.

ಇಂದು ಬೆಳಿಗ್ಗೆ ಇಬ್ಬರೂ ಹೋಗಿ ವಾರಿಜಕ್ಕನ ಮಾತನ್ನು ಇದ್ದಂತೆಯೇ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಶಾಲೆಗೆ ಕೊಟ್ಟು ಬಂದೆವು. ಉತ್ತರ ಇನ್ನೂ ಸಿಕ್ಕಿಲ್ಲ. ಗೊತ್ತಿಲ್ಲ ಎಂದೇ ವೇದಿಕೆಯ ಮೇಲೆ ಹೇಳುತ್ತೇನೆ ಎನ್ನುತ್ತಿದ್ದಾಳೆ ಬಕುಳಾ. ಅರ್ಧ ಅಂಕ ಹೋದಂತೆಯೇ. ಕನ್ನಡಿಗೆ ಇವತ್ತು ಬಟ್ಟೆ ಹೊದಿಸಿದ್ದಾಳೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮಗುವಿನ ಭಾಷಣವನ್ನು ಸಭಾಂಗಣದ ಹೊರಗಿನ ಒಬ್ಬರಿಗೆ ಕೇಳಿಸಿ. ಅವರು ಕೇಳಿದ್ದನ್ನು ತಿದ್ದದೆ ಬರೆದಿಡಿ. ನಿಮ್ಮ ಕಾಲದ ಬಹುಮಾನಿತ ಭಾಷಣಗಳು ನಮ್ಮ ಗ್ರಂಥಾಲಯದಲ್ಲಿ ಮೂರು ಕಪಾಟು ತುಂಬ ಇವೆ. ಎಲ್ಲವನ್ನೂ ಓದಿದೆ. ಅವುಗಳಲ್ಲಿ ಇರುವುದು ಉತ್ತರಗಳು ಮಾತ್ರ.

ಇಂತು,
ಬಕುಳಾಳ ತಾಯಿ