ಮೀನಿನ ಗುಡಿಸಲು ಮಾರಾಟಕ್ಕಿದೆ

ಹಾಲ್ವರ್, ನಾರ್ತ್ ಡಕೋಟ
ಮಾರ್ಚ್ ೩, ೨೦೦೨, ಭಾನುವಾರ

ನನ್ನ ಆರ್ವಿನ್,

ಹೇಗಿದ್ದೀಯ ಮಾರಾಯ? ಬಲಗೈ ಈಗ ಚಮಚ ಹಿಡಿಯುತ್ತದಂತೆ, ಯೂನಿಸ್ ಹೇಳಿದಳು. ನಿನ್ನ ಅಕ್ಕನಿಗೆ ಏನನ್ನೂ ಇದ್ದದ್ದಕ್ಕಿಂತ ಚೆಂದ ಮಾಡಿ ಹೇಳುವ ಚಟ, ಅದಕ್ಕೇ ಅರ್ಧ ಮಾತ್ರ ನಂಬಿದೆ. ಗಂಟಲಿಗೆ ಸಿಕ್ಕೀತು ಅಂತ ಫಾರ್ಗೋ ಆಸ್ಪತ್ರೆಯವರು ಈಗಲೂ ಕಾಫಿಯನ್ನು ಗಂಜಿಯ ಹಾಗೆ ಮಂದ ಮಾಡಿ ಕೊಡುತ್ತಾರೋ? ಮೂಗು ಮುಚ್ಚಿಕೊಂಡಾದರೂ ಕುಡಿ. ನನ್ನ ಮಂಡಿ ಹಳೇ ಮಂಡಿಯೇ. ಕೆಮ್ಮು ಒಂದಿದೆ, ಹೋಗುತ್ತೆ. ಕಳೆದ ಸಲ ನಾನು ಬಂದಾಗ ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆಯಲ್ಲ, ಅದಕ್ಕೆ ನನಗೇನೂ ಬೇಜಾರಿಲ್ಲ. ಸುಳ್ಳು ಹೇಳಿದೆ. ಬಹಳ ಬೇಜಾರಿದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡೇ ಬಂದೆ, ಬೈಗುಳ ಮುಗಿದ ಮೇಲೆ ಅತ್ತೆ.

ನಮ್ಮ ರೇಡಿಯೋ ಸ್ಟೇಷನ್ ಇನ್ನೂ ಬಿದ್ದಿಲ್ಲ. ಸ್ಟುಡಿಯೋದ ಮಾಡು ಮತ್ತೆ ಸೋರುತ್ತಿದೆ, ನಿನ್ನ ಕುರ್ಚಿಯ ಪಕ್ಕಕ್ಕೇ. ಬಕೆಟ್ ಇಟ್ಟರೆ ಟಪ್ ಟಪ್ ಅಂತ ಮೈಕಿನಲ್ಲಿ ಕೇಳುತ್ತದೆ, ಅದಕ್ಕೆ ಬಕೆಟ್ ಒಳಗೆ ಹಳೇ ಟವೆಲ್ ಹಾಸಿದ್ದೇನೆ. ಬೆಳಿಗ್ಗೆ ಮೊದಲು ಟ್ರಾನ್ಸ್‌ಮಿಟರ್ ಹಿಂದಿನ ಇಲಿ ಹಿಕ್ಕೆ ಗುಡಿಸುವುದು, ಆಮೇಲೆ ನೀನು ತೋರಿಸಿದ ಜಾಗದಲ್ಲಿ ಅಂಗೈಯಿಂದ ಒಂದು ಏಟು ಕೊಡುವುದು. ಒಂದೊಂದು ದಿನ ಎರಡು. ಹವಾಮಾನ, ಹಂದಿ ದರ, ಗೋಧಿ ದರ, ಶಾಲೆಯ ಮಧ್ಯಾಹ್ನದ ಊಟಕ್ಕೆ ಏನು ಅನ್ನುವುದು, ಆಮೇಲೆ ಆರ್ಗನ್ ಕ್ಯಾಸೆಟ್ ಹಾಕಿಕೊಂಡು ಸಾವಿನ ಸುದ್ದಿ, ಅದಾದ ಮೇಲೆ ಊರವರ ಹಳೇ ಸಾಮಾನು ಮಾರಿಸುವ 'ಕೊಡು-ಕೊಳ್ಳು'. ಭಾನುವಾರ ಚರ್ಚಿನ ಆರಾಧನೆ. ಸೂರ್ಯ ಮುಳುಗುತ್ತಲೇ ಬಾಯಿ ಮುಚ್ಚುವುದು, ಲೈಸೆನ್ಸ್ ಇರುವುದು ಹಗಲಿಗೆ ಮಾತ್ರ. ಇಡೀ ದಿನ ನಾನೊಬ್ಬಳೇ ವಟವಟ ಅನ್ನುತ್ತೇನೆ, ಆ ಕಡೆಯಿಂದ ಹೂಂ ಅನ್ನುವವರು ಒಬ್ಬರೂ ಇಲ್ಲ. ಸುಗ್ಗಿಯಲ್ಲಿ ನೀನು ಲಕ್ವ ಹೊಡೆದು ಮೈಕಿನ ಮುಂದೆಯೇ ಕುಸಿದೆಯಲ್ಲ, ಅವತ್ತಿನಿಂದ ಫೋನ್ ಕೂಡ ಹೆಚ್ಚುಕಡಿಮೆ ಮೂಗಿ. ಮಾರುವ ಸಾಮಾನಿನ ವಿವರವನ್ನು ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಾರೆ, ಒಳಗೆ ಬರುವುದಿಲ್ಲ. ಯಾರೂ ಕೇಳುತ್ತಿಲ್ಲ ಅಂತಲೇ ತೀರ್ಮಾನಿಸಿದ್ದೆ.

ಅದಕ್ಕೇ, ನೀನು ಯೂನಿಸ್ ಕೈಲಿ ಸ್ಟೇಷನ್ ಮಾರಿಬಿಡು ಅಂತ ಹೇಳಿಸಿದಾಗ ನಾನು ಎದುರಾಡಲಿಲ್ಲ. ಕೊಳ್ಳಲು ಬಂದಿರುವ ಡ್ವೇನ್‌ಗೆ ಜಮೀನು ಮಾತ್ರ ಬೇಕು. ರೇಡಿಯೋ ಗೋಪುರ ಕೆಡವಿ ಸೂರ್ಯಕಾಂತಿ ಬಿತ್ತುತ್ತಾನಂತೆ. ಎಡಗೈಯಲ್ಲಿ ಗೀಚಿದ ನಿನ್ನ ಸಹಿ ಕಾಗದದ ಮೇಲೆ ಬಂದಿದೆ, ನನ್ನದೊಂದು ಬಾಕಿ. ಮುಂದಿನ ಶನಿವಾರ ಬರುತ್ತಾನೆ.

ಈಗ ಶುಕ್ರವಾರದ ಪಜೀತಿ ಕೇಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕಿ ಕೂರುವ ಮೀನಿನ ಗುಡಿಸಲುಗಳನ್ನೆಲ್ಲ ತೆಗೆಯುವ ಕಾಲ ಬಂತು. ನಿನ್ನದೊಂದು ಆಚೆ ದಡದ ಹತ್ತಿರ ಅನಾಥವಾಗಿ ನಿಂತಿದೆ. ಎಳೆದು ತರುವವರು ಯಾರು? ಮಂಜುಗಡ್ಡೆ ಕರಗಿ ನೀರುಪಾಲಾಗುವ ಬದಲು ಯಾರಿಗಾದರೂ ಉಪಯೋಗವಾಗಲಿ ಅಂತ ಕೊಡು-ಕೊಳ್ಳುವಿನಲ್ಲಿ ಓದಿದೆ: "ಆರ್ವಿನ್ ಹೆಗ್‌ಲಂಡ್ ಅವರ ಮೀನಿನ ಗುಡಿಸಲು, ಒಲೆ, ಎರಡು ಸ್ಟೂಲು, ಗಾಳಗಳು. ಬೇಕಾದವರು ಮಾರ್ಲಿಸ್‌ನ ಕೇಳಿ." ಇಷ್ಟೇ. ಸಾವಿನ ಸುದ್ದಿಯ ಆರ್ಗನ್ ಕ್ಯಾಸೆಟ್ ನಿಲ್ಲಿಸುವುದು ಮರೆತುಹೋಗಿತ್ತು ಅಂತ ಆಮೇಲೆ ಗೊತ್ತಾಯಿತು. ಹಿಂದುಗಡೆ ಅದು ಕುಂಯ್ ಅನ್ನುತ್ತಲೇ ಇತ್ತಂತೆ.

ಮಧ್ಯಾಹ್ನ ಮೊದಲು ಬಂದವಳು ಲವೋನ್. ಚರ್ಚಿನ ಅಡುಗೆಮನೆ ಅವಳ ಸಾಮ್ರಾಜ್ಯ ತಾನೆ, ಬರುವಾಗಲೇ ಕೈಯಲ್ಲಿ ಹಾಟ್‌ಡಿಶ್ ತಟ್ಟೆ, ಕೊಚ್ಚಿದ ಮಾಂಸದ ಮೇಲೆ ಆಲೂ ಉಂಡೆ ಜೋಡಿಸಿ ಬೇಯಿಸಿದ್ದು, ಇನ್ನೂ ಹೊಗೆಯಾಡುತ್ತಿತ್ತು. ನನ್ನನ್ನು ತಬ್ಬಿಕೊಂಡು "ಹೊರಗೆ ಗಾಳಿ ಜಾಸ್ತಿ" ಅಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನಮ್ಮ ಜನ ಗೊತ್ತಲ್ಲ, ಬಂದ ಕಾರಣ ಬಾಯಿಬಿಟ್ಟು ಹೇಳಿದರೆ ಹಲ್ಲು ಉದುರುತ್ತದೆ. ಡ್ವೇನ್ ವಿಷಯ ಊರಿಗೆ ತಿಳಿದು ಸ್ಟೇಷನ್ ಮುಚ್ಚುತ್ತದೆ ಅಂತ ದುಃಖಕ್ಕೆ ಬಂದಿದ್ದಾರೆ ಅಂದುಕೊಂಡೆ. ನನಗೂ ಎದೆ ತುಂಬಿ ಬಂತು. ಆಮೇಲೆ ಪಾದ್ರಿಯೂ ಬಂದು ಕೈ ಹಿಡಿದುಕೊಂಡು "ತಡ್ಕೊಳ್ಳೋದು ಕಷ್ಟ ಅಲ್ವಾ ಮಾರ್ಲಿಸ್?" ಅಂದರು. ನಾನು "ಏನ್ ಮಾಡೋದು ಪಾದ್ರಿಗಳೇ, ತುಂಬಾ ಹಳೇದಾಗಿತ್ತು. ಒಳಗೆಲ್ಲ ಇಲಿ. ದಿನಾ ಏಟು ಕೊಟ್ರೆ ಮಾತ್ರ ಶುರುವಾಗ್ತಿತ್ತು. ಮುಂದಿನ ವಾರ ಡ್ವೇನ್ ಬಂದು ಕೆಡವಿ ಸೂರ್ಯಕಾಂತಿ ಬಿತ್ತಾನಂತೆ" ಅಂದೆ. ಆ ಮನುಷ್ಯನ ಮುಖ ನೀನು ನೋಡಬೇಕಿತ್ತು. ಕಾಫಿ ನೆತ್ತಿಗೇರಿ ಕೆಮ್ಮಿದರು ಪಾಪ.

ಲವೋನ್ ನನ್ನನ್ನು ಮೂಲೆಗೆ ಎಳೆದಳು. "ದುಃಖಕ್ಕೆ ಏನೇನೋ ಮಾತಾಡ್ತಿದೀಯ, ಕೂತ್ಕೋ. ಯಾವ ಹಾಡು ಹಾಡಿಸೋಣ, ಅಷ್ಟು ಹೇಳು."

"ಯಾವುದಕ್ಕೆ ಹಾಡು?"

"ಆರ್ವಿನ್‌ದಕ್ಕೆ ಕಣೇ! ಅವನ ಗುಡಿಸಲು ಮಾರ್ತಿದೀಯಲ್ಲ!"

ಅಯ್ಯೋ ದೇವರೇ! ಈ ಊರಿನ ಗಂಡಸು ಉಸಿರಿರುವ ತನಕ ಮೀನಿನ ಗುಡಿಸಲು ಬಿಡುವುದಿಲ್ಲ, ಅದನ್ನು ಹೆಂಡತಿ ಮಾರಿದಳು ಅಂದರೆ ಅರ್ಥ ಒಂದೇ, ಅದೂ ಆರ್ಗನ್ ಸಮೇತ. ಓಡಿಹೋಗಿ ಮೈಕ್ ಹಾಕಿದೆ. ಕಾಲು ಬಕೆಟ್ಟಿಗೆ ತಾಗಿ ಅದೂ ಉರುಳಿತು. "ಕೇಳಿ, ಆರ್ವಿನ್ ಹೆಗ್‌ಲಂಡ್ ಸತ್ತಿಲ್ಲ. ಫಾರ್ಗೋದಲ್ಲಿದಾನೆ. ಮಾತು ತೊದಲುತ್ತೆ, ಹಠ ಮಾತ್ರ ಗಟ್ಟಿಯಾಗಿದೆ. ಗುಡಿಸಲು ಈಗಲೂ ಮಾರಾಟಕ್ಕಿದೆ" ಅಂದೆ. ಫೋನ್ ಬಡಕೊಳ್ಳುವುದಕ್ಕೆ ಶುರುವಾಯಿತು ನೋಡು, ಕೆಳಗಿಡಲು ಬಿಡಲಿಲ್ಲ. ಒಬ್ಬ ಮುದುಕ ಅಳುತ್ತಾ "ಅವನಿಗೆ ಬಯ್ಯಿ ನನ್ನ ಪರವಾಗಿ" ಅಂದು ಹೆಸರು ಹೇಳದೆ ಇಟ್ಟುಬಿಟ್ಟ. ಒಳಗೆ ಹೆಂಗಸರೆಲ್ಲ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ತಂದ ತಟ್ಟೆ ವಾಪಸ್ ಒಯ್ಯಲು ಯಾರೂ ಒಪ್ಪಲಿಲ್ಲ.

ನಗು ಮುಗಿದ ಮೇಲೆ ನನಗೆ ಸಿಟ್ಟು ಬಂತು ಆರ್ವಿನ್. ಲವೋನ್‌ಳನ್ನು ಬಾಗಿಲಲ್ಲಿ ತಡೆದು ಕೇಳಿಯೇಬಿಟ್ಟೆ, "ಸುಗ್ಗಿಯಿಂದ ಒಬ್ಬರಾದ್ರೂ ಬಂದ್ರಾ? ಸತ್ತ ಅಂದ ಕೂಡ್ಲೇ ಊರಿಗೆ ಊರೇ ಬಂತಲ್ಲ?" ಅಂತ. ಅವಳು ಕೈಗವಸು ಹಾಕುತ್ತಾ, ತೆಗೆಯುತ್ತಾ ನಿಂತಳು. "ಸಾವಿಗೆ ಏನ್ ತರಬೇಕು ಅಂತ ಗೊತ್ತು ಕಣೇ. ಇದಕ್ಕೆ ಏನ್ ತರೋದು? ಬಂದು ಏನಂತ ಕೇಳೋದು? ನೀನು ಅತ್ತುಬಿಟ್ರೆ?" ಅಂದಳು. ಆಮೇಲೆ, "ರೇಡಿಯೋ ಯಾರ ಮನೇಲೂ ಆಫ್ ಆಗಿಲ್ಲ. ನಿನ್ನ ಕೆಮ್ಮು ಮಂಗಳವಾರ ಜಾಸ್ತಿ ಇತ್ತು, ಅದೂ ಗೊತ್ತು" ಅಂದಳು. ಹಾಗಾದರೆ ನಾನು ಬೆಳಗಿಂದ ಸಂಜೆಯವರೆಗೆ ಊರಿಗೇ ಕೇಳಿಸುತ್ತಿದ್ದೆ, ಊರೇ ಕೇಳಿಸಿಕೊಳ್ಳುತ್ತಾ ನನ್ನನ್ನು ಒಂಟಿಯಾಗಿ ಬಿಟ್ಟಿತ್ತು. ಯಾರೂ ಕೇಳುತ್ತಿಲ್ಲ ಅಂದುಕೊಂಡಾಗ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಅವರೆಲ್ಲ ಹೋದರು. ಸೂರ್ಯ ಮುಳುಗಿದ, ಟ್ರಾನ್ಸ್‌ಮಿಟರ್ ಆರಿಸಿದೆ. ಆ ಗುಂಯ್ ಅನ್ನುವ ಶಬ್ದ ನಿಂತಾಗ ಆ ಕೋಣೆ ಎಷ್ಟು ದೊಡ್ಡದಾಗುತ್ತದೆ ಅಂತ ನಿನಗೆ ಗೊತ್ತು. ಅಷ್ಟೊಂದು ಊಟ ಮುಂದಿಟ್ಟುಕೊಂಡು ಒಬ್ಬಳೇ ನಾಲ್ಕು ತುತ್ತು ತಿಂದೆ. ಲವೋನ್‌ಳದರಲ್ಲಿ ಉಪ್ಪು ಕಡಿಮೆ, ಆದರೆ ಯಾರಿಗೆ ಹೇಳಲಿ?

ಕಾಲು ಬೆಚ್ಚಗಿಟ್ಟುಕೋ. ವ್ಯಾಯಾಮ ಮಾಡಿಸುವ ಹುಡುಗಿಯ ಮೇಲೆ ರೇಗಬೇಡ. ಯೂನಿಸ್‌ಗೆ ನನ್ನ ನೆನಪು ತಿಳಿಸು, ಹೇಳಲು ಆಗದಿದ್ದರೆ ಕೈ ಹಿಡಿ, ಅವಳಿಗೆ ತಿಳಿಯುತ್ತದೆ. ದೇವರು ನಿನ್ನ ಪಕ್ಕದಲ್ಲಿರಲಿ, ನಾನಂತೂ ಇಲ್ಲಿದ್ದೇನೆ.

ನಿನ್ನವಳು,
ಮಾರ್ಲಿಸ್

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ನಾನಿನ್ನೂ ಸಹಿ ಹಾಕಿಲ್ಲ. ಮಾರು ಅನ್ನುವುದಾದರೆ ಮಾರುತ್ತೇನೆ, ಬೇಡ ಅನ್ನುವುದಾದರೆ ಡ್ವೇನ್‌ನನ್ನು ಬಾಗಿಲಿಂದಲೇ ಕಳಿಸುತ್ತೇನೆ, ಆದರೆ ಅದನ್ನು ನಿನ್ನ ಬಾಯಿಂದ ಕೇಳಬೇಕು. ಯೂನಿಸ್ ಬಾಯಿಂದಲ್ಲ. ಶನಿವಾರದೊಳಗೆ ಅವಳ ಕೈಲಿ ನಂಬರ್ ಒತ್ತಿಸಿ ಫೋನ್ ಕಿವಿಗೆ ಇಟ್ಟುಕೋ. ತೊದಲು, ಜೊಲ್ಲು ಸುರಿಸು, ಬಯ್ಯಿ, ನನಗೆ ಯಾವುದಾದರೂ ಆಗುತ್ತದೆ. ನೀನು ಬದುಕಿದ್ದೀಯ ಅಂತ ಊರಿಗೆಲ್ಲ ನಾನು ಹೇಳಿದೆ ಆರ್ವಿನ್. ನನಗೆ ಯಾರು ಹೇಳುತ್ತಾರೆ?