ಹೊಳೆದಾರಿಯಿಂದ ಸುದ್ದಿಯಿಲ್ಲ

ಬಾವಲಿ,
೧೪ ಡಿಸೆಂಬರ್ ೨೦೨೪

ಲೀಲಾ,

ಅಥವಾ ಆ ಮಾತನ್ನು ನೀನು ಹೇಳಿದ್ದು ಫೋನಿಗೋ, ನನಗೋ? "ಗೊತ್ತಿಲ್ಲ ಅನ್ನೋಕೆ ಬಾಯಿ ಇಲ್ವಾ?" ಎಂದೆ. ಫೋನು ಮೇಜಿನ ಮೇಲಿತ್ತು. ನಾನು ಮೇಜಿನ ಆಚೆ ನಿಂತಿದ್ದೆ. ನೀನು ನಮ್ಮಿಬ್ಬರನ್ನೂ ನೋಡದೆ ಕಿಟಕಿಯ ಕಡೆ ತಿರುಗಿದ್ದೆ. ಅದಾದ ಮೇಲೂ ಏನೋ ಅಂದೆ, ಅದು ನನಗೆ ನೆನಪಿಗೆ ಬರುತ್ತಿಲ್ಲ. ಕಣದಲ್ಲಿ ಕಾಫಿ ಹರಡುವಾಗ ಆ ಮಾತು ಅರ್ಧದವರೆಗೆ ಬಂದು ನಿಲ್ಲುತ್ತದೆ. ಅದಕ್ಕೇ ಪತ್ರವನ್ನು ಅಲ್ಲಿಂದಲೇ ಹಿಡಿದೆ. ಮೊದಲು ಜೈ ಜಿನೇಂದ್ರ ಎಂದು ಬರೆಯಬೇಕಿತ್ತು. ಈಗ ಬರೆದಿದ್ದೇನೆ.

ಬರೆಯುವುದು ತಡವಾಯಿತು. ಶ್ರೇಯಾಂಸನ ಕರ್ಮಗಳು ಮುಗಿದು ನೀನು ಕಾವ್ಯಳ ಜೊತೆ ಸರಗೂರಿನಲ್ಲೇ ಉಳಿದ ಮೇಲೆ ಕೆಲವು ಸಲ ಫೋನು ಮಾಡಿದೆ. ಪ್ರತಿ ಸಲವೂ ಕಾವ್ಯಳೇ ತೆಗೆದು, "ಅಕ್ಕ ಮಲಗಿದ್ದಾರೆ, ಭಾವ" ಎಂದಳು. ಬಿಸಿಲೇರಿದ ಮೇಲೆ ಮಲಗುವವಳಲ್ಲ ನೀನು. ತಮ್ಮನನ್ನು ಕಳೆದುಕೊಂಡವಳು ನೀನು, ಗಂಡನನ್ನು ಕಳೆದುಕೊಂಡವಳು ಅವಳು. ನಿಮ್ಮಿಬ್ಬರ ನಡುವೆ ನನ್ನ ಫೋನು ಯಾಕೆ ಎಂದು ಸುಮ್ಮನಾದೆ.

ಇಲ್ಲಿ ಕೊಯ್ಲು ಅರ್ಧ ಆಗಿದೆ. ಹಣ್ಣು ಚೆನ್ನಾಗಿದೆ, ಬಿಸಿಲು ಸಾಲದು. ಬೆಳಗಿನ ಮಂಜು ಬಹಳ ಹೊತ್ತು ಕಣ ಬಿಟ್ಟು ಏಳುವುದಿಲ್ಲ. ಕೊಯ್ಲಿನವರು ತೂಕ ಮಾಡಿಸಿ ಹೊರಡುವುದರೊಳಗೆ ಸೂರ್ಯ ಇಳಿದಿರುತ್ತಾನೆ. ಆಮೇಲೆ ನಮ್ಮವರು ಊಟ ಮಾಡುವ ಹಾಗಿಲ್ಲ. ಮೊದಲೆಲ್ಲ ನೀನು ಕಣದ ತುದಿಗೆ ಬಂದು ಕೂಗುತ್ತಿದ್ದೆ. ಈಗ ಕೆಲವು ದಿನ ಹಾಗೇ ಮಲಗುತ್ತೇನೆ. ದೂರಲ್ಲ, ಸುದ್ದಿ.

ಬರೆಯಬೇಕಾದದ್ದು ಬೇರೆ. ಮೊನ್ನೆ ಕೌಸಲ್ಯ ಬಂದಿದ್ದಳು. ರೈತರ ಸಂಘದ ಅಧ್ಯಕ್ಷೆಯಾದ ಮೇಲೂ ಅವಳು ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಬರುತ್ತಾಳೆ. ನಿನ್ನ ಖಾಲಿ ಮಣೆ ನೋಡಿದಳು, ಕೂರಲಿಲ್ಲ. ನಿಂತೇ ತನ್ನ ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದಳು: "ಮಾಷೇ, ಸಂಘದವ್ರು ದಾರಿ ಕೇಳೋ ನಂಬರು ತಿರುಗಿ ತೆರೀಬೇಕು ಅಂತಿದ್ದಾರೆ. ನಾನು ಒಂದೇ ಮಾತು ಹೇಳಿದೆ. ಲೀಲೇಚಿ ಶರಿ ಅಂದ್ರೆ ತೆರೀತೀನಿ. ಅವ್ರು ಬೇಡ ಅಂದ್ರೆ ಆ ನಂಬರು ಅಲ್ಲೇ ಸಾಯ್ಲಿ."

"ಅವಳನ್ನ ಯಾಕೆ ಇದಕ್ಕೆ ಎಳೀತೀಯ?" ಎಂದೆ.

"ಮತ್ತೆ ಯಾರನ್ನ ಕೇಳ್ಲಿ? ಸತ್ತವ್ನು ಅವ್ರ ತಮ್ಮ ಅಲ್ಲೇ?"

ಹೀಗಾಗಿ ತೀರ್ಮಾನ ನಿನ್ನದು. ಬರುವ ಸಭೆಯೊಳಗೆ ಹೌದು ಅಥವಾ ಬೇಡ ಎಂದು ತಿಳಿಸು. ನಿನ್ನನ್ನು ಯಾವ ಕಡೆಗೂ ತಳ್ಳಬಾರದು ಎಂದುಕೊಂಡಿದ್ದೇನೆ. ಆದರೆ ನಡೆದದ್ದನ್ನು ಕ್ರಮವಾಗಿ ಒಮ್ಮೆ ಬರೆಯಬೇಕು. ನಿನಗೆ ಎಲ್ಲ ಗೊತ್ತು. ಗೊತ್ತಿರುವುದನ್ನು ಸಾಲಾಗಿ ಇಡುವುದು ಲೈಬ್ರರಿಯಲ್ಲಿ ಕೆಲಸ ಮಾಡಿದವನ ರೋಗ.

ಪನಮರಂನ ಕಂಪ್ಯೂಟರಿನ ಹುಡುಗ ವಿಪಿನ್ ಮೊದಲ ಸಲ ಆ ಉತ್ತರ ಹೇಳುವ ಯಂತ್ರವನ್ನು ಫೋನಿನಲ್ಲಿ ತಂದು ನಮ್ಮ ಜಗಲಿಯಲ್ಲಿ ಮಾತಾಡಿಸಿದ್ದು ನೆನಪಿದೆಯೇ? ಕಾಡಂಚಿನ ಹೊಳೆದಾರಿಯಲ್ಲಿ ಆನೆ ಇದೆಯೇ ಎಂದು ಕೌಸಲ್ಯ ಕೇಳಿದಳು. ಆನೆ ಸಸ್ಯಾಹಾರಿ ಪ್ರಾಣಿ, ಗುಂಪಿನಲ್ಲಿ ಬಾಳುತ್ತದೆ, ನೀರೆಂದರೆ ಅದಕ್ಕೆ ಬಹಳ ಇಷ್ಟ ಎಂದು ಅದು ಶುರು ಮಾಡಿತು. "ಕುಡಿಯೋಕೆ ಒಂದು ಚೆಂಬು ನೀರು ಇಡ್ಲಾ ಅಂತ ಕೇಳೋ ವಿಪಿನಾ" ಎಂದಳು ಕೌಸಲ್ಯ. ನೀನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅದಕ್ಕೆ ಲೋಕದ ಎಲ್ಲ ಆನೆಗಳ ವಿಷಯ ಗೊತ್ತಿತ್ತು. ನಮ್ಮ ಗದ್ದೆಯ ಕೆಳಗೆ ನಿಂತ ಆನೆ ಗೊತ್ತಿರಲಿಲ್ಲ.

ಆಗ ವಿಪಿನ್ ಉಪಾಯ ಮಾಡಿದ. ಒಂದೊಂದು ದಾರಿಗೆ ಒಬ್ಬ ಕಾವಲುಗಾರ. ಅವನು ಬೆಳಿಗ್ಗೆ ನಡೆದು ನೋಡಿ ಕಂಡದ್ದನ್ನು ಫೋನಿನಲ್ಲಿ ಹೇಳಬೇಕು. ಯಾರಾದರೂ ದಾರಿ ಕೇಳಿದರೆ ಯಂತ್ರ ಮೊದಲು ಆ ಸುದ್ದಿಗಳ ರಾಶಿಯಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಮುಂದಿಟ್ಟುಕೊಂಡೇ ಉತ್ತರ ಕೊಡಬೇಕು. ತನ್ನ ಸ್ವಂತ ಪಾಂಡಿತ್ಯ ತೋರಿಸಬಾರದು. ಹೊಳೆದಾರಿಗೆ ಹಾಡಿಯ ಬೈರ ನಿಂತ. ರಾಶಿಯನ್ನು ಒಪ್ಪವಾಗಿಡುವ ಕೆಲಸ ನನಗೆ ಬಂತು.

ಸ್ವಲ್ಪ ದಿನಕ್ಕೇ ರಾಶಿಯ ತೊಂದರೆ ಗೊತ್ತಾಯಿತು. ಯಾರೋ ಕೇಳಿದರೆ ಅದು ಹಿಂದಿನ ತಿಂಗಳ ಆನೆಯನ್ನು ಎತ್ತಿ ಇವತ್ತಿನ ದಾರಿಯಲ್ಲಿ ನಿಲ್ಲಿಸುತ್ತಿತ್ತು. ಮಕ್ಕಳು ಶಾಲೆಗೆ ಹೋಗದೆ ಕೂತರು. ಹಳೆಯ ಆವೃತ್ತಿ ಕಪಾಟಿನಲ್ಲಿ ಉಳಿದರೆ ಓದುಗ ಅದನ್ನೇ ಎತ್ತಿಕೊಳ್ಳುತ್ತಾನೆ, ಇದು ನನಗೆ ಹೊಸದಲ್ಲ. ದಿನದ ಸುದ್ದಿ ಸಂಜೆಗೆ ಅಳಿಸಿಹೋಗಲಿ ಎಂದೆ. ವಿಪಿನ್ ಹಾಗೇ ಮಾಡಿದ. ಮಳೆಗಾಲ ಪೂರ್ತಿ ಚೆನ್ನಾಗಿ ನಡೆಯಿತು. ಈ ರಾಶಿ ಎಷ್ಟು ಶುದ್ಧವಾಗಿದೆ ಎಂದು ನಾನು ಒಮ್ಮೆ ನಿನಗೆ ತೋರಿಸಲು ಬಂದಿದ್ದೆ. ನೀನು ಮೆಣಸು ಕೇರುತ್ತಿದ್ದೆ. "ಜೊಳ್ಳು ಹೋಗ್ಬೇಕು, ಕಾಳು ಹೋಗ್ಬಾರ್ದು ನೋಡಿ" ಎಂದು ಮೊರ ನೋಡುತ್ತಲೇ ಹೇಳಿದೆ. ಅದು ನನಗೆ ಹೇಳಿದ್ದೆಂದು ಆಗ ಅನ್ನಿಸಲಿಲ್ಲ.

ಗದ್ದೆಗಳು ಹಣ್ಣಾಗುವ ಹೊತ್ತಿಗೆ ಬೈರನ ತಾಯಿ ನೀಲಿ ತೀರಿಕೊಂಡಳು. ನಾವಿಬ್ಬರೂ ಹಾಡಿಗೆ ಹೋಗಿದ್ದೆವು. ನೀನು ಹೆಂಗಸರ ಜೊತೆ ನೆಲದಲ್ಲಿ ಕೂತಿದ್ದೆ, ನಾನು ಬಿದಿರಿನ ಬೇಲಿಯ ಹತ್ತಿರ ನಿಂತಿದ್ದೆ. ಬೈರ ಫೋನನ್ನು ಬಟ್ಟೆಯಲ್ಲಿ ಸುತ್ತಿ ಸೂರಿಗೆ ಸಿಕ್ಕಿಸಿದ್ದನ್ನು ನಾನು ನೋಡಿದೆ. ನೀನೂ ನೋಡಿರಬೇಕು. ಅವರ ಮನೆಯಲ್ಲಿ ಸಾವಾದರೆ ಆ ಸಾವಿನ ಸುದ್ದಿ ಒಂದೇ ಹೊರಗೆ ಹೋಗಬೇಕು. ಸೂತಕ ಕಳೆಯುವವರೆಗೆ ಬೇರೆ ಸುದ್ದಿ ಕಳಿಸಿದರೆ ಸತ್ತವರನ್ನು ಅರ್ಧದಾರಿಯಲ್ಲಿ ಕೈಬಿಟ್ಟಂತೆ. ಇದು ಈ ಕಡೆಯವರಿಗೆಲ್ಲ ಗೊತ್ತು. ಆದ್ದರಿಂದ ಬೈರ ಸುಮ್ಮನಿದ್ದಾನೆ ಎಂದರೆ ಹೊಳೆದಾರಿಯ ಸ್ಥಿತಿ ಯಾರಿಗೂ ಗೊತ್ತಿಲ್ಲ ಎಂದು ಅರ್ಥ, ಬಳಸಿಕೊಂಡು ಟಾರು ರಸ್ತೆಯಲ್ಲಿ ಹೋಗಬೇಕು. ನಮ್ಮಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ರಾಶಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಅಲ್ಲಿ ಸುದ್ದಿಗೆ ಜಾಗವಿತ್ತು, ಸುದ್ದಿ ಬಾರದಿರುವುದಕ್ಕೆ ಇರಲಿಲ್ಲ.

ಶ್ರೇಯಾಂಸ ಸರಗೂರಿನವನು. ಅವನಿಗೆ ನೀಲಿಯ ಸಾವು ಗೊತ್ತಿರಲಿಲ್ಲ. ಚೆಕ್‌ಪೋಸ್ಟಿನ ಹತ್ತಿರ ಬೈಕು ನಿಲ್ಲಿಸಿ ಆ ನಂಬರಿಗೆ ಕೇಳಿದ. ಹಠಮಾರಿಯಾದರೂ ಅವನಿಗೆ ಅಷ್ಟು ವಿವೇಕವಿತ್ತು. ಆಮೇಲೆ ಮೇಜಿನ ಮೇಲಿನ ಫೋನಿನಲ್ಲಿ ನೀನು ಹಾಕಿಸಿಕೊಂಡು ಕೇಳಿದ ಧ್ವನಿ ಅದೇ: "ಹೊಳೆದಾರೀಲಿ ಆನೆ ಇದ್ಯಾ? ಅಕ್ಕನ ಮನೆಗೆ ಹೋಗ್ಬೇಕು." ಉತ್ತರ: "ಹೊಳೆದಾರಿಯಲ್ಲಿ ಇಂದು ಆನೆಯ ವರದಿ ಇಲ್ಲ. ನೀವು ಹೋಗಬಹುದು. ಶುಭ ಪ್ರಯಾಣ."

ಮೊದಲ ವಾಕ್ಯ ನಿಜ. ಮಿಕ್ಕ ಎರಡನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಹುಡುಕಿತು, ಏನೂ ಸಿಗಲಿಲ್ಲ, ಖಾಲಿ ಕೈ ತೋರಿಸಲಾರದೆ ಸಭ್ಯವಾಗಿ ಏನೋ ಹೇಳಿತು. ಮನುಷ್ಯರು ಮಾಡುವುದನ್ನು ನೋಡಿ ಕಲಿತದ್ದಲ್ಲವೇ.

ಆನೆ ಅವನನ್ನು ಕೆಡವಿದ ಜಾಗದ ಕೆಸರಿನಲ್ಲಿ, ಅವನು ನಿನಗೆಂದು ತಂದು ಚೆಲ್ಲಿಹೋಗಿದ್ದ ಅವರೆಕಾಯಿಯನ್ನು ನೀನು ಒಂದೊಂದಾಗಿ ಆರಿಸಿದೆ. ಅದನ್ನು ಬರೆಯಬಾರದು ಎಂದುಕೊಂಡಿದ್ದೆ.

ವಿಪಿನ್ ಅವತ್ತೇ ನಂಬರು ಮುಚ್ಚಿದ. ಆಮೇಲೆ ಎಷ್ಟೋ ದಿನ ಈ ಕಡೆ ಮುಖ ಹಾಕಲಿಲ್ಲ. ಬಂದಾಗ ಗಡ್ಡ ಬೆಳೆದಿತ್ತು. "ಮಾಷೇ, ಅದಕ್ಕೆ ಸುಳ್ಳು ಹೇಳ್ಬೇಡ ಅಂತ ಹೇಳಿಕೊಟ್ಟಿದ್ದೆ. ಸುಮ್ನಿರು ಅಂತ ಹೇಳಿಕೊಟ್ಟಿರ್ಲಿಲ್ಲ" ಎಂದ. ಇಬ್ಬರೂ ಕೂತು ಮತ್ತೆ ಕಟ್ಟಿದೆವು. ಈಗ ಪ್ರತಿ ದಾರಿಯ ಜೊತೆ ಕಾವಲುಗಾರನ ಹೆಸರಿದೆ, ಅವನು ಕೊನೆಗೆ ಯಾವಾಗ ಮಾತಾಡಿದ ಎಂಬುದಿದೆ. ಅವನು ಸುಮ್ಮನಿದ್ದರೆ ಆ ಮೌನವೂ ಒಂದು ಸುದ್ದಿಯಾಗಿ ರಾಶಿಗೆ ಸೇರುತ್ತದೆ, ಹುಡುಕಿದಾಗ ಮೊದಲು ಅದೇ ಸಿಗುತ್ತದೆ. ಹಳೆಯದನ್ನು ಅಳಿಸುವುದಿಲ್ಲ, ತಾರೀಖು ಹಾಕಿ ಬೇರೆ ಇಡುತ್ತೇವೆ. ಏನೂ ಸಿಗದಾಗ ಏನನ್ನಬೇಕು ಎಂದು ವಿಪಿನ್ ಕೇಳಿದ. ಮೂರು ವಾಕ್ಯ ಬರೆಯಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು: "ಹೊಳೆದಾರಿಯಿಂದ ಇಂದು ಸುದ್ದಿ ಬಂದಿಲ್ಲ. ಆನೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಟಾರು ರಸ್ತೆಯಲ್ಲಿ ಹೋಗಿ."

ವಿಪಿನ್ ಅದನ್ನು ಬೈದು ಕೇಳಿದ, ಮಲಯಾಳದಲ್ಲಿ ಕೇಳಿದ, ಅಳುವ ದನಿ ಮಾಡಿ "ಒಂದೇ ಒಂದ್ ಸಲ ಹೋಗಿ ಬರ್ಲಾ" ಎಂದ. ಅದು ಕದಲಲಿಲ್ಲ, ಗೊತ್ತಿಲ್ಲ ಎಂದೇ ಹೇಳಿತು. "ನಮ್ಮ ಮನೆಯವ್ರಿಗೂ ಇದನ್ನ ಕಲ್ಸಿಕೊಡೋ, ಮದುವೆ ಆದಾಗಿಂದ ಒಂದು ದಿನಾನೂ ಗೊತ್ತಿಲ್ಲ ಅಂದವ್ರಲ್ಲ" ಎಂದಳು ಕೌಸಲ್ಯ. ಯಾರಿಗೂ ನಗು ಬರಲಿಲ್ಲ, ಅವಳಿಗೂ. ಪರೀಕ್ಷೆಗೆಂದು ವಿಪಿನ್ ನಂಬರನ್ನು ಸದ್ದಿಲ್ಲದೆ ತೆರೆದಿಟ್ಟಿದ್ದಾನೆ. ಯಾರಿಗೂ ಹೇಳಿಲ್ಲ.

ಬೈರನೂ ಬಂದಿದ್ದ. ಜಗಲಿ ಹತ್ತಲಿಲ್ಲ, ಕಣದ ಅಂಚಿನಲ್ಲಿ ಕೂತ. ನಾನು ಏನೂ ಕೇಳಿರಲಿಲ್ಲ.

"ಅವ್ವನ್ನ ಮಣ್ಣು ಮಾಡಿ ಬರೋವಾಗ ಹೊಳೆತಾವು ಆನೆ ಕಂಡಿದ್ದೆ ಗೌಡ್ರೇ. ಮರಿ ಜೊತೇಲಿ ನಿಂತಿತ್ತು."

"ಹೂಂ."

"ಹಾಡೀಲಿ ಎಲ್ರಿಗೂ ಹೇಳ್ದೆ. ಫೋನ್ಗೆ ಹೇಳ್ನಿಲ್ಲ. ಅವ್ವ ಸತ್ತ ಮನೆಯಿಂದ ಆನೆ ಸುದ್ದಿ ಹೆಂಗೆ ಬುಡ್ಲಿ?"

"ಬಿಡಬೇಕಿತ್ತು ಅಂತ ನಾನು ಅಂದಿಲ್ಲ ಬೈರ."

"ನೀವು ಅನ್ನಲ್ಲ. ಲೀಲಮ್ಮ ಅಂತಾರೆ."

ನಾನು ಕಾಫಿ ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು, ಹೋಗುವಾಗ ತಿರುಗಿ, "ಈಗ ದಿನಾ ನಡೀತೀನಿ. ಕಂಡ್ರೂ ಹೇಳ್ತೀನಿ, ಕಾಣ್ದಿದ್ರೂ ಹೇಳ್ತೀನಿ. ಕೇಳೋರೇ ಇಲ್ಲ" ಎಂದ.

ಕೇಳುವವರು ಈಗ ಚಹಾದಂಗಡಿಯಲ್ಲಿ ಕೇಳುತ್ತಾರೆ. ಅಲ್ಲಿ ಗೊತ್ತಿರಲಿ ಬಿಡಲಿ, ಯಾವ ಪ್ರಶ್ನೆಗೂ ಒಂದು ಉತ್ತರ ಸಿಗುತ್ತದೆ. ಕಳೆದ ವಾರ ಹಾಲು ಹಾಕಲು ಹೊರಟ ಯಶೋದ ಆ ಉತ್ತರ ನಂಬಿ ಹೊಳೆದಾರಿಗಿಳಿದು, ಕ್ಯಾನು ಎಸೆದು ಓಡಿ ಬದುಕಿದಳು. ಇದನ್ನು ನಿನಗೆ ಹೇಳಿದರೆ ತಳ್ಳಿದಂತಾಗುತ್ತದೆ. ಹೇಳದಿದ್ದರೆ ಬಚ್ಚಿಟ್ಟಂತೆ. ಬರೆದಿದ್ದೇನೆ. ಅದರ ಪಕ್ಕದಲ್ಲೇ ಇದನ್ನೂ ಇಟ್ಟುಕೋ: ಆ ನಂಬರು ಇರದಿದ್ದರೆ ಶ್ರೇಯಾಂಸ ಬೈಕು ನಿಲ್ಲಿಸಿ ಯಾರನ್ನಾದರೂ ಕೇಳುತ್ತಿದ್ದ. ಅವರು ನೀಲಿ ಸತ್ತದ್ದನ್ನು ಹೇಳುತ್ತಿದ್ದರೋ ಏನೋ. ಎರಡೂ ನಿಜ. ನನ್ನಿಂದ ಇವೆರಡನ್ನು ತೂಗಲು ಆಗುತ್ತಿಲ್ಲ.

ಬಸ್ಸಿನವರ ಹತ್ತಿರ ಕಾಫಿಪುಡಿ ಕಳಿಸಿದ್ದೇನೆ. ಹೊಸ ಹಣ್ಣಿನದಲ್ಲ, ಹೋದ ವರ್ಷದ್ದು, ನೀನೇ ಹುರಿದದ್ದು. ಕಾವ್ಯಳಿಗೆ ನನ್ನ ಆಶೀರ್ವಾದ ಹೇಳು. ಅವಳ ಮುಂದಿನ ದಿನಗಳಿಗೆ ಒಂದಿಷ್ಟು ಬೆಳಕು ಸಿಗಲಿ. ನಿನಗೆ ನಿದ್ದೆ ಬರಲಿ. ನಿಜವಾದ ನಿದ್ದೆ, ಕಾವ್ಯ ಫೋನಿನಲ್ಲಿ ಹೇಳುವಂಥದ್ದಲ್ಲ.

ಇತಿ,
ಅಭಿನಂದನ್

ಮತ್ತೆ: ಪತ್ರ ಮಡಚಿಟ್ಟು ಮತ್ತೆ ಬಿಚ್ಚಿದೆ.

ಆ ನಂಬರಿಗೆ ಕೇಳುವವರೇ ಇಲ್ಲ ಎಂಬ ಬೈರನ ಮಾತು ಪೂರ್ತಿ ನಿಜವಲ್ಲ. ದಿನಾ ಬೆಳಿಗ್ಗೆ, ಕಾಡಿನ ಗೇಟು ತೆರೆಯುವ ಹೊತ್ತಿಗೆ, ಒಂದು ಕರೆ ಬರುತ್ತದೆ. ಒಂದೇ ಪ್ರಶ್ನೆ: "ಹೊಳೆದಾರಿ ಹೇಗಿದೆ?" ವಿಪಿನ್ ನನಗೆ ಕೇಳಿಸಿದ. "ಯಾರೋ ಹೆಂಗಸು ಮಾಷೇ. ಹೋಗೋದು ಕಾಣೆ, ಸುಮ್ನೆ ಕೇಳ್ತಾರೆ. ಗೊತ್ತಾ ನಿಮಗೆ?" ಎಂದ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಆ ಸದ್ದನ್ನು ನಾನು ಎಲ್ಲಿ ಕೇಳಿದರೂ ಗುರುತಿಸುತ್ತೇನೆ, ಲೀಲಾ. ಗೊತ್ತಿಲ್ಲ ಎಂದೆ. ಆ ಮಾತು ಕೊನೆಗೂ ನನ್ನ ಬಾಯಲ್ಲಿ ಬಂತು, ಹೇಳಬಾರದ ಕಡೆ.

ಮಂಗಳವಾರ ಬೈರ ನಿನ್ನ ಕರೆಗೆ ಮೊದಲೇ ನಡೆದು ಬಂದು ಸುದ್ದಿ ಹಾಕಿದ್ದ. "ಬೈರ ಈಗಷ್ಟೇ ನೋಡಿ ಬಂದಿದ್ದಾನೆ, ಹೊಳೆದಾರಿಯಲ್ಲಿ ಆನೆ ಕಂಡಿಲ್ಲ" ಎಂದು ಅದು ನಿನಗೆ ಹೇಳಿತು. ಅವತ್ತು ನೀನು ತಕ್ಷಣ ಫೋನು ಇಡಲಿಲ್ಲ. ಉಸಿರು ಕೇಳುತ್ತಿತ್ತು. ನಾನು ಕೊಯ್ಲಿನವರನ್ನು ಬಿಟ್ಟು ನೆರಳು ಕಾಲಡಿಗೆ ಬರುವವರೆಗೆ ಹೊಳೆದಾರಿಯ ತುದಿಯಲ್ಲಿ ನಿಂತಿದ್ದೆ. ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ ಬಂತು.

ನನಗೆ ಒಂದು ಮಾತೂ ಇಲ್ಲ, ಆ ನಂಬರಿಗೆ ದಿನಕ್ಕೊಂದು ಪ್ರಶ್ನೆ ಇದೆ. ಇದರ ಬಗ್ಗೆ ನನಗೆ ಕೋಪವಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ನೋಡಿದರೆ ಗುರುತು ಕಾಣುತ್ತದೆ. ಮೌನವನ್ನು ಒಳ್ಳೆಯ ಸುದ್ದಿ ಎಂದು ಓದಬಾರದು ಎಂಬುದನ್ನು ಈಗ ಆ ಯಂತ್ರವೂ ಕಲಿತಿದೆ. ಅದಕ್ಕೇ ಕೇಳುತ್ತಿದ್ದೇನೆ. ನೀನು ದಿನಾ ಆ ದಾರಿಯನ್ನು ವಿಚಾರಿಸುವುದು ಬರುವುದಕ್ಕೋ, ಅಥವಾ ಅದು ಇನ್ನೊಮ್ಮೆ ಸುಳ್ಳು ಹೇಳುವುದನ್ನು ಕಾಯುವುದಕ್ಕೋ?